ಆಸ್ಟ್ರೇಲಿಯಾದಲ್ಲಿ ಹವ್ಯಾಸಿ ಮೀನುಗಾರಿಕೆ

ಆಸ್ಟ್ರೇಲಿಯಾದಲ್ಲಿ ಹವ್ಯಾಸಿ ಮೀನುಗಾರಿಕೆ ಎಂದರೆ ಮಾರಾಟದ ಉದ್ದೇಶವಿಲ್ಲದೆ, ವಿರಾಮಕ್ಕಾಗಿ, ಕ್ರೀಡೆಯಾಗಿ ಅಥವಾ ಮನೆಯ ಊಟಕ್ಕಾಗಿ ಮೀನು ಹಿಡಿಯುವ ಚಟುವಟಿಕೆ. ಸಮುದ್ರತೀರ, ಅಳಿವೆ, ನದಿ ಮತ್ತು ಜಲಾಶಯಗಳಲ್ಲಿ ನಡೆಯುವ ಈ ಚಟುವಟಿಕೆಯು ಆ ದೇಶದ ಅತ್ಯಂತ ಜನಪ್ರಿಯ ಹೊರಾಂಗಣ ಹವ್ಯಾಸಗಳಲ್ಲಿ ಒಂದು. 2000ನೆಯ ಇಸವಿಯ ಸುಮಾರಿಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐದು ವರ್ಷ ಮೀರಿದ ಸುಮಾರು 33.6 ಲಕ್ಷ ಜನರು ವರ್ಷಕ್ಕೆ ಒಮ್ಮೆಯಾದರೂ ಮೀನು ಹಿಡಿಯಲು ಹೋಗಿದ್ದರು. 2018–21ರ ಸಮೀಕ್ಷೆಯು ಈ ಹವ್ಯಾಸದಲ್ಲಿ ತೊಡಗಿದ ವಯಸ್ಕರ ಸಂಖ್ಯೆಯನ್ನೇ ಸುಮಾರು 42 ಲಕ್ಷವೆಂದು, ಅಂದರೆ ಐವರಲ್ಲಿ ಒಬ್ಬರೆಂದು ಅಂದಾಜಿಸಿತು.

ಈ ಹವ್ಯಾಸವು ಹೆಚ್ಚಾಗಿ ಕುಟುಂಬದ ಮೂಲಕ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಗಿಬರುತ್ತದೆ. ಅತಿ ದೊಡ್ಡ ಮೀನನ್ನು ಹಿಡಿದು ದಡಕ್ಕೆ ತಂದು ತೂಗುವುದೇ ಒಂದು ಕಾಲದಲ್ಲಿ ಅದರ ಪರಮ ಸಾಧನೆ ಎನಿಸಿತ್ತು. ಆದರೆ ಹಲವು ಜಾತಿಗಳಲ್ಲಿ ದೊಡ್ಡ ಮೀನುಗಳೇ ಮುಂದಿನ ಸಂತತಿಯ ಮುಖ್ಯ ಆಧಾರ ಎಂಬ ಅರಿವು ಬೆಳೆದಂತೆ, ಅಳತೆ ಮಾಡಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವ ಪದ್ಧತಿಯು ಅದರ ಸ್ಥಾನವನ್ನು ಬಹುಮಟ್ಟಿಗೆ ಪಡೆದುಕೊಂಡಿದೆ.

ಇತಿಹಾಸ

ಮೂಲನಿವಾಸಿಗಳ ಪರಂಪರೆ

ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಹಸ್ರಾರು ವರ್ಷಗಳಿಂದ ಮೀನುಗಾರಿಕೆಯನ್ನು ಅವಲಂಬಿಸಿದವರು. ನ್ಯೂ ಸೌತ್ ವೇಲ್ಸ್ ರಾಜ್ಯದ ಬಾರ್ವನ್ ನದಿಯಲ್ಲಿರುವ ಬ್ರೂವಾರಿನಾದ ಕಲ್ಲಿನ ಮೀನುಕಟ್ಟೆಗಳು ಈ ಪರಂಪರೆಯ ಪ್ರಸಿದ್ಧ ಸಾಕ್ಷಿಗಳು. ನದಿಯ ಪಾತ್ರದಲ್ಲಿ ಕಲ್ಲುಗಳನ್ನು ಬಾಗಿದ ಗೋಡೆಗಳಂತೆ ಜೋಡಿಸಿ, ಪ್ರವಾಹದೊಡನೆ ಬಂದ ಮೀನುಗಳು ಅವುಗಳೊಳಗೆ ಸಿಲುಕುವಂತೆ ಇವನ್ನು ರಚಿಸಲಾಗಿದೆ. ವಿಕ್ಟೋರಿಯಾ ರಾಜ್ಯದ ಬಜ್ ಬಿಮ್ ಪ್ರದೇಶದಲ್ಲಿ ಗುಂಡಿಟ್ಜ್‌ಮಾರಾ ಜನರು ಲಾವಾ ಶಿಲೆಗಳ ನಡುವೆ ಕಾಲುವೆ ಮತ್ತು ಒಡ್ಡುಗಳನ್ನು ಕಟ್ಟಿ ಹಾವುಮೀನುಗಳನ್ನು ಸಾಕುತ್ತಿದ್ದರು. ಸುಮಾರು 6,600 ವರ್ಷಗಳಷ್ಟು ಹಳೆಯದಾದ ಈ ವ್ಯವಸ್ಥೆಯನ್ನು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಇಂದಿನ ಸಿಡ್ನಿ ನಗರದ ಕೊಲ್ಲಿಯಲ್ಲಿ ಗಾಳ ಹಾಕುವುದು ಮುಖ್ಯವಾಗಿ ಮಹಿಳೆಯರ ಕೆಲಸವಾಗಿತ್ತು. ಚಿಪ್ಪನ್ನು ತೇಯ್ದು ಮಾಡಿದ ಗಾಳದ ಮುಳ್ಳು ಮತ್ತು ನಾರಿನ ದಾರದೊಡನೆ ಅವರು ಮರದ ತೊಗಟೆಯ ದೋಣಿಗಳಲ್ಲಿ ಕುಳಿತು ಮೀನು ಹಿಡಿಯುತ್ತಿದ್ದರು. ದೋಣಿಯಲ್ಲಿ ಮಣ್ಣಿನ ಹಾಸಿನ ಮೇಲೆ ಸಣ್ಣ ಬೆಂಕಿ ಉರಿಯುತ್ತಿತ್ತು; ಕಂದಮ್ಮಗಳೂ ತಾಯಂದಿರ ಜೊತೆಗಿರುತ್ತಿದ್ದವು. ಮೊದಲ ಬ್ರಿಟಿಷ್ ವಸಾಹತುದಾರರ ದಿನಚರಿಗಳಲ್ಲಿ ಈ ದೃಶ್ಯದ ವರ್ಣನೆಗಳಿವೆ.

ವಸಾಹತು ಕಾಲ

1770ರಲ್ಲಿ ಜೇಮ್ಸ್ ಕುಕ್‌ನ ನೌಕೆಯು ಪೂರ್ವ ಕರಾವಳಿಯಲ್ಲಿ ಲಂಗರು ಹಾಕಿದಾಗ ನಾವಿಕರಿಗೆ ಭಾರಿ ಗಾತ್ರದ ತೊರಕೆ ಮೀನುಗಳು ದೊರೆತವು. ಆದುದರಿಂದ ಆ ಕೊಲ್ಲಿಗೆ ಮೊದಲು ಸ್ಟಿಂಗ್‌ರೇ ಹಾರ್ಬರ್, ಅಂದರೆ ತೊರಕೆ ಮೀನಿನ ಬಂದರು, ಎಂದೇ ಹೆಸರಿಡಲಾಗಿತ್ತು. ಅದು ಈಗಿನ ಬಾಟನಿ ಬೇ.

ಇಂಗ್ಲೆಂಡಿನಿಂದ ಬಂದವರು ತಮ್ಮ ನಾಡಿನ ಮೀನುಗಳನ್ನೂ ತರಲು ಬಯಸಿದರು. 1864ರಲ್ಲಿ ಹಿಮದ ನಡುವೆ ಪಾಚಿಯಲ್ಲಿ ಹುದುಗಿಸಿ ಹಡಗಿನಲ್ಲಿ ತಂದ ಟ್ರೌಟ್ ಮೀನಿನ ಮೊಟ್ಟೆಗಳು ಟ್ಯಾಸ್ಮೇನಿಯಾದಲ್ಲಿ ಮರಿಯಾದವು. ಇದರಿಂದ ಬೆಳೆದ ಕಂದು ಟ್ರೌಟ್ ಇಂದಿಗೂ ಅಲ್ಲಿನ ಎತ್ತರದ ಸರೋವರಗಳಿಗೆ ಹವ್ಯಾಸಿಗಳನ್ನು ಸೆಳೆಯುತ್ತದೆ. ಆದರೆ ಹೊರಗಿನಿಂದ ಬಂದ ಟ್ರೌಟ್ ಅಲ್ಲಿನ ಸಣ್ಣ ದೇಶೀಯ ಮೀನುಗಳಿಗೆ ಕಂಟಕವಾಯಿತು ಎಂಬ ಅಭಿಪ್ರಾಯವೂ ಜೀವವಿಜ್ಞಾನಿಗಳಲ್ಲಿದೆ.

ಇಪ್ಪತ್ತನೆಯ ಶತಮಾನ

1920ರಲ್ಲಿ ಬ್ರಿಸ್ಬೇನ್ ನಗರದಲ್ಲಿ ಚಾರ್ಲ್ಸ್ ಆಲ್ವಿ ಎಂಬವರು ಗಾಳದ ರಾಟೆಗಳ ತಯಾರಿಕೆಯನ್ನು ಆರಂಭಿಸಿದರು. ದಾರ ಎಸೆಯುವಾಗ ಒಂದು ಪಕ್ಕಕ್ಕೆ, ಸುತ್ತುವಾಗ ಮತ್ತೊಂದು ಪಕ್ಕಕ್ಕೆ ತಿರುಗುವ ಅವರ ರಾಟೆಯು ಮರಳು ಮತ್ತು ಉಪ್ಪುನೀರಿಗೆ ಬೇಗ ಕೆಡುತ್ತಿರಲಿಲ್ಲ. ಹೀಗಾಗಿ ಕಡಲತೀರದ ಮೀನುಗಾರಿಕೆಯಲ್ಲಿ ಅದು ಮನೆಮಾತಾಯಿತು. 1936ರಲ್ಲಿ ಅಮೆರಿಕದ ಕಾದಂಬರಿಕಾರ ಝೇನ್ ಗ್ರೇ ನ್ಯೂ ಸೌತ್ ವೇಲ್ಸ್‌ನ ಬರ್ಮಗುಯಿ ಎಂಬ ಊರಿನಲ್ಲಿ ಬೀಡುಬಿಟ್ಟು ದೊಡ್ಡ ಮೀನುಗಳನ್ನು ಹಿಡಿದು, ಆ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಇದರಿಂದ ಆಸ್ಟ್ರೇಲಿಯಾದ ಆಳಸಮುದ್ರದ ಕ್ರೀಡಾ ಮೀನುಗಾರಿಕೆಯು ಹೊರಜಗತ್ತಿಗೆ ಪರಿಚಿತವಾಯಿತು. ಎರಡನೆಯ ಮಹಾಯುದ್ಧದ ಬಳಿಕ ಕಾರು ಮತ್ತು ಹಗುರವಾದ ಅಲ್ಯೂಮಿನಿಯಂ ದೋಣಿಗಳು ಸಾಮಾನ್ಯ ಕುಟುಂಬಗಳಿಗೂ ಕೈಗೆಟುಕಿದವು. ಜನರು ಅಕ್ಕರೆಯಿಂದ ‘ಟಿನ್ನಿ’ ಎಂದು ಕರೆಯುವ ಈ ಸಣ್ಣ ದೋಣಿಯು ಕುಟುಂಬದ ಮೀನುಗಾರಿಕೆಯ ಗುರುತಾಗಿದೆ.

ಕುಟುಂಬ ಪ್ರವಾಸಗಳ ಸ್ವರೂಪ

ಆಸ್ಟ್ರೇಲಿಯಾದಲ್ಲಿ ಬೇಸಿಗೆ ರಜೆಯು ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬರುತ್ತದೆ. ಈ ಅವಧಿಯಲ್ಲಿ ಅನೇಕ ಕುಟುಂಬಗಳು ಕರಾವಳಿಯ ಊರುಗಳಲ್ಲಿ ಡೇರೆ ಅಥವಾ ಕ್ಯಾರವಾನುಗಳಲ್ಲಿ ತಂಗುತ್ತವೆ. ಪ್ರತಿ ವರ್ಷ ಒಂದೇ ಊರಿಗೆ ಹೋಗುವ ವಾಡಿಕೆಯೂ ಉಂಟು. ಮಕ್ಕಳ ಮೊದಲ ಪಾಠ ಸಾಮಾನ್ಯವಾಗಿ ಬಂದರುಕಟ್ಟೆಯ ಮೇಲೆ ಇಲ್ಲವೆ ಅಳಿವೆಯ ದಂಡೆಯಲ್ಲಿ ಆಗುತ್ತದೆ. ಚಿಕ್ಕ ಗಾಳದ ಕೋಲು, ಸೀಸದ ಗುಂಡು, ಬೆಂಡು ಮತ್ತು ಎರೆಯಾಗಿ ಸಿಗಡಿ, ಬೊಂಡಾಸ್ ಅಥವಾ ಸಣ್ಣ ಮೀನಿನ ತುಂಡು ಇದ್ದರೆ ಸಾಕು. ಇಳಿತದ ಹೊತ್ತಿನಲ್ಲಿ ಕೈಪಂಪಿನಿಂದ ಮರಳನ್ನು ಹೀರಿ, ಅದರೊಳಗಿನ ಸಣ್ಣ ಸಿಗಡಿಯಂಥ ಜೀವಿಗಳನ್ನು ಎರೆಗಾಗಿ ಕೂಡಿಸುವುದು ಮಕ್ಕಳಿಗೆ ಮೀನು ಹಿಡಿಯುವಷ್ಟೇ ಪ್ರಿಯವಾದ ಆಟ.

ಒಳನಾಡಿನ ಕುಟುಂಬಗಳು ಹೊಳೆ ಮತ್ತು ಕೃಷಿಹೊಂಡಗಳಲ್ಲಿ ‘ಯಾಬಿ’ ಎಂಬ ಸಿಹಿನೀರಿನ ಕಠಿಣಚರ್ಮಿಯನ್ನು ಹಿಡಿಯುತ್ತವೆ. ಹಿಂದೆ ಇದಕ್ಕೆ ಎಲ್ಲೆಡೆ ಬಳಕೆಯಲ್ಲಿದ್ದ, ‘ಆಪೆರಾ ಹೌಸ್’ ಎಂಬ ಹೆಸರಿನ ಮುಚ್ಚಿದ ಬಲೆಯಲ್ಲಿ ಪ್ಲಾಟಿಪಸ್ ಪ್ರಾಣಿಗಳು ಸಿಲುಕಿ, ಉಸಿರಾಡಲು ಮೇಲೆ ಬರಲಾಗದೆ ಸಾಯುತ್ತಿದ್ದವು. ಈ ಕಾರಣದಿಂದ ವಿಕ್ಟೋರಿಯಾ 2019ರಲ್ಲಿ ಮತ್ತು ನ್ಯೂ ಸೌತ್ ವೇಲ್ಸ್ 2021ರಲ್ಲಿ ಅದನ್ನು ನಿಷೇಧಿಸಿದವು. ಈಗ ಮೇಲ್ಭಾಗ ತೆರೆದಿರುವ ಬಲೆಗಳನ್ನು ಬಳಸಲಾಗುತ್ತದೆ.

ಕೆಲವು ಪ್ರವಾಸಗಳು ಋತುಮಾನಕ್ಕೆ ಹೊಂದಿಕೊಂಡಿವೆ. ಮೆಲ್ಬರ್ನ್ ಸಮೀಪದ ಪೋರ್ಟ್ ಫಿಲಿಪ್ ಕೊಲ್ಲಿಗೆ ವಸಂತದಲ್ಲಿ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಸ್ನ್ಯಾಪರ್ ಮೀನುಗಳು ಮೊಟ್ಟೆಯಿಡಲು ಬರುತ್ತವೆ. ಕ್ವೀನ್ಸ್‌ಲ್ಯಾಂಡ್‌ನ ಕ'ಗಾರಿ ದ್ವೀಪದ ಉದ್ದನೆಯ ಮರಳದಂಡೆಗೆ ಚಳಿಗಾಲದಲ್ಲಿ ಟೇಲರ್ ಮೀನಿನ ಹಿಂಡುಗಳು ಬರುತ್ತವೆ. ಉತ್ತರದ ಉಷ್ಣವಲಯದಲ್ಲಿ ಮಳೆಗಾಲ ಮುಗಿದು, ಬಯಲಿನ ನೀರು ನದಿಗಳಿಗೆ ಇಳಿಯುವ ಮಾರ್ಚ್–ಮೇ ತಿಂಗಳುಗಳು ಬ್ಯಾರಮಂಡಿ ಮೀನಿಗೆ ಹೆಸರಾದವು.

ಪ್ರಮುಖ ಮೀನುಗಳು

ಫ್ಲಾಟ್‌ಹೆಡ್: ಚಪ್ಪಟೆ ತಲೆಯ ಈ ಮೀನು ಮರಳಿನಲ್ಲಿ ಹುದುಗಿ ಬೇಟೆಗಾಗಿ ಕಾಯುತ್ತದೆ. ಆಳವಿಲ್ಲದ ಅಳಿವೆಗಳಲ್ಲಿ ಸುಲಭವಾಗಿ ಸಿಗುವುದರಿಂದ ಅನೇಕ ಮಕ್ಕಳು ಹಿಡಿಯುವ ಮೊದಲ ಮೀನು ಇದೇ ಆಗಿರುತ್ತದೆ. ತಲೆಯ ಇಕ್ಕೆಲಗಳಲ್ಲಿ ಚೂಪಾದ ಮುಳ್ಳುಗಳಿರುವುದರಿಂದ ಗಾಳ ಬಿಡಿಸುವಾಗ ಎಚ್ಚರ ಬೇಕು.

ವೈಟಿಂಗ್: ಮರಳುನೆಲದ ವೈಟಿಂಗ್ ಮೀನುಗಳು ಸಿಲ್ಲಾಗೋ ಕುಲಕ್ಕೆ ಸೇರಿದವು. ಕರ್ನಾಟಕದ ಕರಾವಳಿಯಲ್ಲಿ ಪ್ರಿಯವಾದ ಕಾಣೆ ಮೀನು ಕೂಡ ಇದೇ ಕುಲದ್ದು. ದಕ್ಷಿಣ ಕರಾವಳಿಯ ಕಿಂಗ್ ಜಾರ್ಜ್ ವೈಟಿಂಗ್ ಇವುಗಳ ಹತ್ತಿರದ ಸಂಬಂಧಿಯಾಗಿದ್ದು ರುಚಿಗೆ ಪ್ರಸಿದ್ಧವಾಗಿದೆ.

ಬ್ಯಾರಮಂಡಿ: ಲೇಟ್ಸ್ ಕ್ಯಾಲ್ಕರಿಫರ್ ಎಂಬ ವೈಜ್ಞಾನಿಕ ಹೆಸರಿನ ಈ ಮೀನು ಭಾರತದ ಕರಾವಳಿಯಲ್ಲಿಯೂ ಇದೆ. ಬಂಗಾಳದ ಭೆಟ್ಕಿ ಮತ್ತು ಗೋವಾದ ಚೋಣಕ್ ಇದೇ ಜಾತಿ. ಬ್ಯಾರಮಂಡಿ ಎಂಬ ಹೆಸರು ಕ್ವೀನ್ಸ್‌ಲ್ಯಾಂಡ್‌ನ ಮೂಲನಿವಾಸಿ ಭಾಷೆಯೊಂದರಿಂದ ಬಂದಿದೆ. ಈ ಮೀನು ನದಿಯ ಉಪ್ಪುನೀರಿನ ಬಾಯಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಜೌಗುನೆಲ ಮತ್ತು ಸಿಹಿನೀರಿನತ್ತ ಸಾಗುತ್ತವೆ. ಸಾಮಾನ್ಯವಾಗಿ ಗಂಡಾಗಿ ಪ್ರೌಢವಾಗುವ ಬ್ಯಾರಮಂಡಿಯು ಕೆಲವು ವರ್ಷಗಳ ಬಳಿಕ ಹೆಣ್ಣಾಗಿ ಮಾರ್ಪಡುತ್ತದೆ. ಆದುದರಿಂದ ಮೀಟರಿಗಿಂತ ಉದ್ದವಾದ ಮೀನುಗಳು ಬಹುತೇಕ ಹೆಣ್ಣುಗಳೇ. ‘ಮೀಟರ್ ದಾಟಿದ’ ಮೀನನ್ನು ಹಿಡಿಯುವುದು ಉತ್ತರದ ಹವ್ಯಾಸಿಗಳ ಕನಸು. ಆ ಮೀನನ್ನು ಕೊಂದರೆ ಲಕ್ಷಾಂತರ ಮೊಟ್ಟೆಯಿಡುವ ತಾಯಿಮೀನನ್ನೇ ಕಳೆದುಕೊಂಡಂತಾಗುತ್ತದೆ.

ಮರ್ರೆ ಕಾಡ್: ಮರ್ರೆ–ಡಾರ್ಲಿಂಗ್ ನದಿ ಜಾಲದ ಈ ಮೀನು ಆಸ್ಟ್ರೇಲಿಯಾದ ಅತಿ ದೊಡ್ಡ ಸಿಹಿನೀರಿನ ಮೀನು. 1902ರಲ್ಲಿ ಬಾರ್ವನ್ ನದಿಯಲ್ಲಿ ದೊರೆತ ಮೀನೊಂದು ಸುಮಾರು 113 ಕಿಲೋಗ್ರಾಂ ತೂಗಿತೆಂದು ದಾಖಲಾಗಿದೆ. ಇದು 40 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಹೆಣ್ಣು ಮೀನು ನೀರಿನಲ್ಲಿ ಮುಳುಗಿದ ಟೊಳ್ಳು ಮರಗಳಂಥ ಜಾಗಗಳಲ್ಲಿ ಮೊಟ್ಟೆಯಿಡುತ್ತದೆ, ಗಂಡು ಅವುಗಳನ್ನು ಕಾಯುತ್ತದೆ. ನರಿಂಜೆರಿ ಜನರ ಸೃಷ್ಟಿಕಥೆಯಲ್ಲಿ ನುರುಂಡೆರಿ ಎಂಬ ಪೂರ್ವಜನು ಪೊಂಡಿ ಎಂಬ ಮಹಾ ಮರ್ರೆ ಕಾಡ್ ಮೀನನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಆ ಮೀನು ಬಾಲ ಬಡಿಯುತ್ತ ಸಾಗಿದ ದಾರಿಯೇ ಮರ್ರೆ ನದಿಯ ತಿರುವುಗಳಾದವು ಎಂಬುದು ಅವರ ನಂಬಿಕೆ.

ಟ್ಯೂನಾ: ವಿಕ್ಟೋರಿಯಾದ ಪೋರ್ಟ್‌ಲ್ಯಾಂಡ್, ಟ್ಯಾಸ್ಮೇನಿಯಾದ ಈಗಲ್‌ಹಾಕ್ ನೆಕ್ ಮುಂತಾದ ಕಡೆಗಳಿಂದ ದಕ್ಷಿಣದ ನೀಲಿರೆಕ್ಕೆ ಟ್ಯೂನಾ ಹಿಡಿಯಲು ದೋಣಿಗಳು ಹೊರಡುತ್ತವೆ. ಹಲವು ದೇಶಗಳ ಅತಿಯಾದ ವಾಣಿಜ್ಯ ಮೀನುಗಾರಿಕೆಯಿಂದ ಕುಸಿದಿದ್ದ ಇದರ ಸಂತತಿಯು ಅಂತರರಾಷ್ಟ್ರೀಯ ಮಿತಿಗಳ ಫಲವಾಗಿ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಸ್ಮರಣೀಯ ಮೀನುಗಳು

1959ರ ಏಪ್ರಿಲ್‌ನಲ್ಲಿ ಆಲ್ಫ್ ಡೀನ್ ಎಂಬ ತೋಟಗಾರರು ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾ ಸಮೀಪ ಗಾಳದ ಕೋಲಿನಿಂದ 2,664 ಪೌಂಡ್, ಅಂದರೆ ಸುಮಾರು 1,208 ಕಿಲೋಗ್ರಾಂ ತೂಕದ ಬಿಳಿ ಶಾರ್ಕ್ ಒಂದನ್ನು ಹಿಡಿದರು. ಇದು ಅಂತರರಾಷ್ಟ್ರೀಯ ಕ್ರೀಡಾ ಮೀನುಗಾರಿಕೆ ಸಂಘದ ದಾಖಲೆಗಳಲ್ಲಿ ಹೆಸರಾಂತವಾದದ್ದು. 1990ರ ದಶಕದ ಕೊನೆಯ ಹೊತ್ತಿಗೆ ಬಿಳಿ ಶಾರ್ಕ್ ಆಸ್ಟ್ರೇಲಿಯಾದಲ್ಲಿ ಸಂರಕ್ಷಿತ ಜೀವಿಯಾಯಿತು. ಆದುದರಿಂದ ಅಲ್ಲಿ ಅಂಥ ದಾಖಲೆಗೆ ಇನ್ನು ಪ್ರಯತ್ನಿಸಲು ಅವಕಾಶವಿಲ್ಲ.

1966ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕೆರ್ನ್ಸ್ ಬಳಿ ಜಾರ್ಜ್ ಬ್ರಾನ್ಸ್‌ಫರ್ಡ್ ಅವರ ದೋಣಿಯಿಂದ 1,064 ಪೌಂಡ್ (ಸುಮಾರು 482 ಕಿಲೋಗ್ರಾಂ) ತೂಕದ ಕಪ್ಪು ಮಾರ್ಲಿನ್ ಹಿಡಿಯಲಾಯಿತು. ಆ ಸುದ್ದಿಯು ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರ ಅಂಚನ್ನು ಮಾರ್ಲಿನ್ ಮೀನುಗಾರಿಕೆಯ ವಿಶ್ವವಿಖ್ಯಾತ ತಾಣವನ್ನಾಗಿ ಮಾಡಿತು. ಈ ಗಾತ್ರದ ಕಪ್ಪು ಮಾರ್ಲಿನ್‌ಗಳೆಲ್ಲ ಹೆಣ್ಣುಗಳು. ಅವು ಅಲ್ಲಿಗೆ ಮೊಟ್ಟೆಯಿಡಲು ಬರುತ್ತವೆ. ಈಗ ಹಿಡಿದ ಮಾರ್ಲಿನ್‌ಗಳಲ್ಲಿ ಬಹುಪಾಲನ್ನು ಗುರುತುಚೀಟಿ ಚುಚ್ಚಿ ಬಿಡಲಾಗುತ್ತದೆ. ನ್ಯೂ ಸೌತ್ ವೇಲ್ಸ್‌ನ ಮೀನುಗಾರಿಕೆ ಇಲಾಖೆಯು 1973ರಿಂದ ನಡೆಸುತ್ತಿರುವ ಗುರುತುಚೀಟಿ ಯೋಜನೆಯಲ್ಲಿ ಹವ್ಯಾಸಿಗಳು ಕಳುಹಿಸಿದ ವಿವರಗಳಿಂದ ಈ ಮೀನುಗಳ ವಲಸೆ ಮತ್ತು ಬೆಳವಣಿಗೆಯ ಕುರಿತು ವಿಜ್ಞಾನಿಗಳಿಗೆ ಅಪಾರ ಮಾಹಿತಿ ದೊರೆತಿದೆ.

ನಾರ್ದರ್ನ್ ಟೆರಿಟರಿಯಲ್ಲಿ 2015ರಿಂದ ಗುರುತುಚೀಟಿ ಹೊತ್ತ ಬ್ಯಾರಮಂಡಿಗಳನ್ನು ನೀರಿಗೆ ಬಿಟ್ಟು, ಅವುಗಳನ್ನು ಹಿಡಿದವರಿಗೆ ನಗದು ಬಹುಮಾನ ನೀಡುವ ಸ್ಪರ್ಧೆ ನಡೆಯುತ್ತಿದೆ. ಹತ್ತು ಲಕ್ಷ ಡಾಲರಿನ ಮೀನು ಮೊದಲ ಬಾರಿಗೆ ಸಿಕ್ಕಿದ್ದು 2024ರಲ್ಲಿ, ಕ್ಯಾಥರಿನ್ ಪ್ರದೇಶದ ಯುವಕನೊಬ್ಬನಿಗೆ. ಆ ಮೀನಿನ ಗಾತ್ರ ಸಾಧಾರಣವಾಗಿತ್ತು.

ಪರವಾನಗಿ ಮತ್ತು ನಿಯಮಗಳು

ಮೀನುಗಾರಿಕೆಯ ನಿಯಮಗಳನ್ನು ಆಯಾ ರಾಜ್ಯ ಅಥವಾ ಪ್ರಾಂತದ ಸರ್ಕಾರಗಳು ರೂಪಿಸುತ್ತವೆ. ಅವು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಪ್ರವಾಸಕ್ಕೆ ಮುನ್ನ ಆಯಾ ಇಲಾಖೆಯ ಮಾಹಿತಿಯನ್ನು ನೋಡುವುದು ವಾಡಿಕೆ.

• ನ್ಯೂ ಸೌತ್ ವೇಲ್ಸ್: ಸಿಹಿನೀರು ಮತ್ತು ಉಪ್ಪುನೀರು ಎರಡಕ್ಕೂ ಶುಲ್ಕ ಕಡ್ಡಾಯ, 18 ವರ್ಷದೊಳಗಿನವರಿಗೆ ವಿನಾಯಿತಿ ಇದೆ.
• ವಿಕ್ಟೋರಿಯಾ: ಪರವಾನಗಿ ಅಗತ್ಯ, 18 ವರ್ಷದೊಳಗಿನವರು ಮತ್ತು 70 ವರ್ಷ ತುಂಬಿದವರು ಪಡೆಯಬೇಕಾಗಿಲ್ಲ.
• ಕ್ವೀನ್ಸ್‌ಲ್ಯಾಂಡ್: ಸಾಮಾನ್ಯ ಪರವಾನಗಿ ಇಲ್ಲ, ಮೀನುಮರಿ ಬಿತ್ತಿದ ಕೆಲವು ಜಲಾಶಯಗಳಿಗೆ ಅನುಮತಿ ಪತ್ರ ಬೇಕು.
• ಪಶ್ಚಿಮ ಆಸ್ಟ್ರೇಲಿಯಾ: ದಡದಿಂದ ಗಾಳ ಹಾಕಲು ಪರವಾನಗಿ ಬೇಡ, ಯಂತ್ರದ ದೋಣಿಯಿಂದ ಹಿಡಿಯಲು ಬೇಕು.
• ಟ್ಯಾಸ್ಮೇನಿಯಾ: ಒಳನಾಡಿನ ನೀರಿನಲ್ಲಿ ಗಾಳ ಹಾಕಲು ಪರವಾನಗಿ ಬೇಕು; ಸಮುದ್ರದಲ್ಲಿ ಕೋಲುಗಾಳಕ್ಕೆ ಬೇಡ.
• ನಾರ್ದರ್ನ್ ಟೆರಿಟರಿ: ಸಾಮಾನ್ಯ ಪರವಾನಗಿ ಇಲ್ಲ.

ನ್ಯೂ ಸೌತ್ ವೇಲ್ಸ್‌ನಲ್ಲಿ ಸಂಗ್ರಹವಾದ ಶುಲ್ಕವು ಪ್ರತ್ಯೇಕ ನಿಧಿಗೆ ಸೇರುತ್ತದೆ. 2002ರಲ್ಲಿ ಅದೇ ನಿಧಿಯ ಆಧಾರದಲ್ಲಿ ವಾಣಿಜ್ಯ ಮೀನುಗಾರರ ಹಕ್ಕುಗಳನ್ನು ಕೊಂಡು, 30 ಅಳಿವೆ ಮತ್ತು ಸರೋವರಗಳನ್ನು ಹವ್ಯಾಸಿಗಳಿಗೆ ಮೀಸಲಿಡಲಾಯಿತು.

ಗಾತ್ರದ ಮಿತಿ

ಹಿಂದಿನ ನಿಯಮಗಳು ಕನಿಷ್ಠ ಉದ್ದವನ್ನು ಮಾತ್ರ ಹೇಳುತ್ತಿದ್ದವು. ಮೀನಿಗೆ ಒಮ್ಮೆಯಾದರೂ ಮೊಟ್ಟೆಯಿಡುವ ಅವಕಾಶ ದೊರೆಯಲಿ ಎಂಬುದು ಅದರ ಉದ್ದೇಶ. ಆದರೆ ಇದರಿಂದ ಎಲ್ಲರ ಕಣ್ಣೂ ದೊಡ್ಡ ಮೀನುಗಳ ಮೇಲೆಯೇ ಬೀಳುತ್ತಿತ್ತು. ಈಗ ಹಲವು ಜಾತಿಗಳಿಗೆ ಗರಿಷ್ಠ ಉದ್ದವನ್ನೂ ನಿಗದಿಪಡಿಸಲಾಗಿದೆ. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾಗಳಲ್ಲಿ 55ರಿಂದ 75 ಸೆಂಟಿಮೀಟರ್‌ವರೆಗಿನ ಮರ್ರೆ ಕಾಡ್ ಮೀನುಗಳನ್ನಷ್ಟೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಚಿಕ್ಕವೂ ದೊಡ್ಡವೂ ನೀರಿಗೆ ಮರಳಬೇಕು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಂದು ಫ್ಲಾಟ್‌ಹೆಡ್‌ಗೆ 40ರಿಂದ 75 ಸೆಂಟಿಮೀಟರ್ ಮಿತಿಯಿದೆ. ಇವಲ್ಲದೆ ದಿನಕ್ಕೆ ಇಷ್ಟೇ ಮೀನು ಎಂಬ ಮಿತಿ ಮತ್ತು ಮೊಟ್ಟೆಯಿಡುವ ಕಾಲದ ನಿಷೇಧಗಳೂ ಜಾರಿಯಲ್ಲಿವೆ. ಮರ್ರೆ ಕಾಡ್ ಹಿಡಿಯಲು ಕೆಲವು ಜಲಾಶಯಗಳನ್ನು ಬಿಟ್ಟು ಉಳಿದೆಡೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅವಕಾಶವಿಲ್ಲ.

ಮಿತಿಗಳು ಫಲ ಕೊಟ್ಟ ಒಂದು ನಿದರ್ಶನ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಕೊಲ್ಲಿಯದು. ಅಲ್ಲಿನ ಒಳಕೊಲ್ಲಿಗಳ ಸ್ನ್ಯಾಪರ್ ಮೀನುಗಳು ಹೊರಸಮುದ್ರದ ಮೀನುಗಳೊಡನೆ ಹೆಚ್ಚು ಬೆರೆಯದೆ ಪ್ರತ್ಯೇಕ ಗುಂಪುಗಳಾಗಿ ಬದುಕುತ್ತವೆ. ಹವ್ಯಾಸಿಗಳ ಗಾಳಗಳಿಂದಲೇ ಅವುಗಳ ಸಂಖ್ಯೆ ತೀರ ಕುಸಿಯಿತು. 1990ರ ದಶಕದ ಕೊನೆಯಲ್ಲಿ ಪೂರ್ವದ ಕೊಲ್ಲಿಯಲ್ಲಿ ಸ್ನ್ಯಾಪರ್ ಹಿಡಿಯುವುದನ್ನು ಪೂರ್ಣವಾಗಿ ನಿಲ್ಲಿಸಿ, 2003ರಲ್ಲಿ ಬಿಗಿ ಮಿತಿಗಳೊಡನೆ ಮತ್ತೆ ಅವಕಾಶ ನೀಡಲಾಯಿತು. ಒಂದು ಭಾಗದಲ್ಲಿ ಲಾಟರಿಯ ಮೂಲಕ ಚೀಟಿ ಪಡೆದವರು ಮಾತ್ರ ಮೀನು ಇಟ್ಟುಕೊಳ್ಳಬಹುದಾಗಿತ್ತು.

ಹಿಡಿದು ಬಿಡುವ ಪದ್ಧತಿ

ಫುಟ್‌ಬಾಲ್ ಆಟಗಾರರಾಗಿದ್ದ ರೆಕ್ಸ್ ಹಂಟ್ 1990ರ ದಶಕದಲ್ಲಿ ತಮ್ಮ ದೂರದರ್ಶನ ಕಾರ್ಯಕ್ರಮದಲ್ಲಿ ಹಿಡಿದ ಮೀನಿಗೆ ಮುತ್ತಿಟ್ಟು ನೀರಿಗೆ ಬಿಡುತ್ತಿದ್ದರು. ಈ ಪದ್ಧತಿಯನ್ನು ಮನೆಮನೆಗೂ ತಲುಪಿಸಿದವರಲ್ಲಿ ಅವರು ಪ್ರಮುಖರು.

ಬಿಟ್ಟ ಮೀನುಗಳೆಲ್ಲ ಬದುಕುತ್ತವೆ ಎನ್ನುವಂತಿಲ್ಲ. ಮುಳ್ಳನ್ನು ನುಂಗಿದ ಮೀನು, ಬಹಳ ಹೊತ್ತು ಸೆಣಸಿ ದಣಿದ ಮೀನು ಮತ್ತು ಬಿಸಿಮರಳಿನ ಮೇಲೆ ಹೊರಳಿದ ಮೀನು ಸಾಯುವ ಸಾಧ್ಯತೆ ಹೆಚ್ಚು. ಆಳದಿಂದ ಮೇಲೆಳೆದ ಮೀನುಗಳಲ್ಲಿ ಒತ್ತಡ ಇಳಿದಂತೆ ಗಾಳಿಚೀಲ ಉಬ್ಬಿ, ಅವು ಮತ್ತೆ ಕೆಳಗಿಳಿಯಲಾಗದೆ ತೇಲುತ್ತವೆ. ಅಂಥವನ್ನು ಭಾರ ಕಟ್ಟಿದ ವಿಶೇಷ ಕೊಕ್ಕೆಯ ನೆರವಿನಿಂದ ಆಳಕ್ಕೆ ಇಳಿಸಿ ಬಿಡಲಾಗುತ್ತದೆ. ಕೈಯನ್ನು ಒದ್ದೆ ಮಾಡಿಕೊಂಡು ಮುಟ್ಟುವುದು, ದೊಡ್ಡ ಮೀನನ್ನು ಬಾಯಿಯಿಂದ ನೇತುಹಾಕದೆ ಹೊಟ್ಟೆಗೆ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯುವುದು, ಸಾಧ್ಯವಾದರೆ ನೀರಿನಲ್ಲಿಯೇ ಗಾಳ ಬಿಡಿಸುವುದು ಮಕ್ಕಳಿಗೆ ಕಲಿಸುವ ಮುಖ್ಯ ಪಾಠಗಳು. ಊಟಕ್ಕೆ ಇಟ್ಟುಕೊಳ್ಳುವ ಮೀನನ್ನು ನರಳಿಸದೆ, ಮಿದುಳಿಗೆ ಚುಚ್ಚಿ ಒಡನೆಯೇ ಕೊಂದು ಮಂಜುಗಡ್ಡೆಯಲ್ಲಿ ಇಡಬೇಕೆಂದು ಇಲಾಖೆಗಳು ತಿಳಿಸುತ್ತವೆ.

ಸುರಕ್ಷತೆ

ಕಡಲಬಂಡೆಗಳ ಮೇಲೆ ನಿಂತು ಗಾಳ ಹಾಕುವುದು ಆಸ್ಟ್ರೇಲಿಯಾದ ಅತ್ಯಂತ ಅಪಾಯಕಾರಿ ಹವ್ಯಾಸಗಳಲ್ಲಿ ಒಂದು. ಶಾಂತವಾಗಿ ಕಾಣುವ ಸಮುದ್ರದಲ್ಲಿ ಹಠಾತ್ತನೆ ಏಳುವ ದೊಡ್ಡ ಅಲೆಗಳು ಜನರನ್ನು ಕೊಚ್ಚಿಕೊಂಡು ಹೋಗುತ್ತವೆ. ಸಾವಿಗೀಡಾದವರಲ್ಲಿ ಹೊರದೇಶಗಳಿಂದ ಬಂದು ನೆಲೆಸಿದವರು ಗಣನೀಯ ಸಂಖ್ಯೆಯಲ್ಲಿರುವುದರಿಂದ ಎಚ್ಚರಿಕೆಯ ಫಲಕಗಳನ್ನೂ ಕರಪತ್ರಗಳನ್ನೂ ಹಲವು ಭಾಷೆಗಳಲ್ಲಿ ಸಿದ್ಧಪಡಿಸಲಾಗಿದೆ. ನ್ಯೂ ಸೌತ್ ವೇಲ್ಸ್ 2016ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಹೆಚ್ಚು ಅಪಾಯದ ಪ್ರದೇಶಗಳೆಂದು ಘೋಷಿಸಿದ ಕಡೆ ಬಂಡೆಯ ಮೇಲೆ ಮೀನು ಹಿಡಿಯುವವರು ಜೀವರಕ್ಷಕ ಅಂಗಿ ತೊಡುವುದು ಕಡ್ಡಾಯ. ಅಲೆಗಳನ್ನು ಸ್ವಲ್ಪ ಹೊತ್ತು ಗಮನಿಸಿದ ನಂತರವೇ ಬಂಡೆಗೆ ಇಳಿಯುವುದು, ಒಬ್ಬರೇ ಹೋಗದಿರುವುದು ಮತ್ತು ಸಮುದ್ರಕ್ಕೆ ಬೆನ್ನು ತಿರುಗಿಸದಿರುವುದು ಮೂಲಭೂತ ಎಚ್ಚರಿಕೆಗಳು. ನೀರಿಗೆ ಬಿದ್ದವರನ್ನು ಉಳಿಸಲು ತಾವೂ ಹಾರಿ ಪ್ರಾಣ ಕಳೆದುಕೊಂಡ ಬಂಧುಗಳೂ ಇರುವುದರಿಂದ, ತೇಲುವ ವಸ್ತುವನ್ನು ಎಸೆದು ತುರ್ತುಸೇವೆಗೆ 000 ಸಂಖ್ಯೆಯಲ್ಲಿ ಕರೆಮಾಡಲು ತಿಳಿಸಲಾಗುತ್ತದೆ.

ಉತ್ತರದ ನದಿ ಮತ್ತು ಅಳಿವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಅಲ್ಲಿ ನೀರಿನ ಅಂಚಿನಿಂದ ಕನಿಷ್ಠ ಐದು ಮೀಟರ್ ದೂರ ನಿಲ್ಲಬೇಕು. ಮೀನು ಸೀಳಿದ ತ್ಯಾಜ್ಯವನ್ನು ದಡದಲ್ಲಿ ಬಿಡಬಾರದು, ದಿನವೂ ಒಂದೇ ಜಾಗದಲ್ಲಿ ಗಾಳ ಹಾಕಬಾರದು.

ಹಕ್ಕುಗಳು ಮತ್ತು ಪರಿಸರದ ಪ್ರಶ್ನೆಗಳು

1993ರ ಮೂಲನಿವಾಸಿ ಹಕ್ಕು ಕಾಯಿದೆಯು ಸಾಂಪ್ರದಾಯಿಕ ಮೀನುಗಾರಿಕೆಗೆ ಮಾನ್ಯತೆ ನೀಡಿದೆ. ಬ್ಲೂ ಮಡ್ ಬೇ ಪ್ರಕರಣದಲ್ಲಿ 2008ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ನಾರ್ದರ್ನ್ ಟೆರಿಟರಿಯ ಮೂಲನಿವಾಸಿ ಭೂಮಿಯ ಮೇಲೆ ಹರಿಯುವ ಉಬ್ಬರವಿಳಿತದ ನೀರಿಗೆ ಪ್ರವೇಶ ನೀಡುವ ಅಧಿಕಾರ ಸಾಂಪ್ರದಾಯಿಕ ಒಡೆಯರದ್ದೆಂದು ತೀರ್ಪಿತ್ತಿತು. ಅಂದಿನಿಂದ ಅಂಥ ತೀರಗಳಲ್ಲಿ ಹವ್ಯಾಸಿಗಳ ಪ್ರವೇಶವು ಒಪ್ಪಂದ ಅಥವಾ ಅನುಮತಿಯನ್ನು ಅವಲಂಬಿಸಿದೆ. ಗ್ರೇಟ್ ಬ್ಯಾರಿಯರ್ ರೀಫ್ ಸಾಗರೋದ್ಯಾನದ ಸುಮಾರು ಮೂರನೆಯ ಒಂದು ಭಾಗದಲ್ಲಿ 2004ರಿಂದ ಮೀನು ಹಿಡಿಯುವುದನ್ನು ನಿಷೇಧಿಸಿರುವುದು ಆರಂಭದಲ್ಲಿ ಹವ್ಯಾಸಿಗಳ ವಿರೋಧಕ್ಕೆ ಕಾರಣವಾಗಿತ್ತು.

ಗಾಳದ ನಿಯಮಗಳಷ್ಟರಿಂದಲೇ ಮೀನುಗಳು ಉಳಿಯುವುದಿಲ್ಲ ಎಂಬುದಕ್ಕೆ ಮರ್ರೆ–ಡಾರ್ಲಿಂಗ್ ಜಾಲವೇ ಸಾಕ್ಷಿ. ಅಣೆಕಟ್ಟುಗಳ ತಳದಿಂದ ಬಿಡುವ ತಣ್ಣೀರು, ನದಿಯಿಂದ ಮರದ ದಿಮ್ಮಿಗಳನ್ನು ತೆಗೆದುಹಾಕಿದ್ದು ಮತ್ತು ನೀರಾವರಿಗಾಗಿ ಹೆಚ್ಚು ನೀರು ಎತ್ತಿದ್ದು ದೇಶೀಯ ಮೀನುಗಳನ್ನು ಬಲಹೀನಗೊಳಿಸಿದವು. 2018ರ ಡಿಸೆಂಬರ್ ಮತ್ತು 2019ರ ಜನವರಿಯಲ್ಲಿ ಮೆನಿಂಡಿ ಬಳಿ ಡಾರ್ಲಿಂಗ್ ನದಿಯ ನೀರಿನಲ್ಲಿ ಆಮ್ಲಜನಕ ಕುಸಿದು ಮೀನುಗಳ ಸಾಮೂಹಿಕ ಸಾವು ಸಂಭವಿಸಿತು. ದಶಕಗಳ ವಯಸ್ಸಿನ ಮರ್ರೆ ಕಾಡ್ ಮೀನುಗಳ ಶವಗಳನ್ನು ತೋಳುಗಳಲ್ಲಿ ಎತ್ತಿಹಿಡಿದ ಸ್ಥಳೀಯರ ಚಿತ್ರಗಳು ದೇಶದಾದ್ಯಂತ ಚರ್ಚೆಗೆ ಕಾರಣವಾದವು. 2023ರ ಮಾರ್ಚ್‌ನಲ್ಲಿ ಅಲ್ಲಿಯೇ ಮತ್ತೆ ಲಕ್ಷಾಂತರ ಮೀನುಗಳು ಸತ್ತವು.

ಕರ್ನಾಟಕದ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆ ಆಸ್ಟ್ರೇಲಿಯಾದ ನದಿಗಳಲ್ಲಿ ಉಪದ್ರವಕಾರಿ ಮೀನೆಂದು ಘೋಷಿತವಾಗಿದೆ. 1960ರ ದಶಕದಿಂದ ಹರಡಿದ ಇದು ತಳದ ಕೆಸರನ್ನು ಕಲಕಿ ದೇಶೀಯ ಮೀನುಗಳ ನೆಲೆಯನ್ನು ಕೆಡಿಸುತ್ತದೆ. ಹಿಡಿದ ಗೆಂಡೆಯನ್ನು ಜೀವಂತವಾಗಿ ನೀರಿಗೆ ಬಿಡುವುದು ವಿಕ್ಟೋರಿಯಾ ಮುಂತಾದ ಕಡೆ ಅಪರಾಧ.

ಸಾಹಿತ್ಯದಲ್ಲಿ

ಕಾಲಿನ್ ಥೀಲ್ ಅವರ ‘ಬ್ಲೂ ಫಿನ್’ (1969) ಟ್ಯೂನಾ ದೋಣಿಯಲ್ಲಿ ಕೆಲಸ ಮಾಡುವ ತಂದೆ ಮತ್ತು ಮಗನ ಕಥೆ. ಇದು 1978ರಲ್ಲಿ ಚಲನಚಿತ್ರವಾಯಿತು. ಟಿಮ್ ವಿಂಟನ್ ಅವರ ‘ಬ್ಲೂಬ್ಯಾಕ್’ (1997) ಬಾಲಕನೊಬ್ಬ ಹಾಗೂ ಅವನ ತಾಯಿ ತಮ್ಮ ಕೊಲ್ಲಿಯ ನೀಲಿ ಗ್ರೋಪರ್ ಮೀನನ್ನು ಕಾಪಾಡಿಕೊಳ್ಳುವ ಕಥೆಯನ್ನು ಹೇಳುತ್ತದೆ. ಪೂರ್ವ ಕರಾವಳಿಯ ನೀಲಿ ಗ್ರೋಪರ್ ನ್ಯೂ ಸೌತ್ ವೇಲ್ಸ್‌ನ ರಾಜ್ಯ ಮೀನು. ಅದನ್ನು ಈಟಿಯಿಂದ ಬೇಟೆಯಾಡುವುದು 1969ರಿಂದಲೇ ಅಲ್ಲಿ ನಿಷಿದ್ಧವಾಗಿದೆ.